ಬೆಳೆದವರಿಂದಲೇ ಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬಡಾವಣೆಯ ಕೆಲವು ಮನೆಯವರು ಸೇರಿ ತರಕಾರಿ, ರಾಗಿ, ಹಣ್ಣುಗಳನ್ನು ಬೆಳೆದವರಿಂದಲೇ ತರಿಸಿಕೊಳ್ಳುತ್ತೇವೆ. ಇದು ಗೊತ್ತಾದ ಮೇಲೆ ನೆಂಟರು, ಸಹೋದ್ಯೋಗಿಗಳು, ಪಕ್ಕದ ಅಪಾರ್ಟ್‌ಮೆಂಟಿನವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳೇ ಮುಖ್ಯವಾಗಿ ಕಣ್ಣ ಮುಂದಿವೆ. ಬೇರೆ ಊರಿನವರಿಗೆ ಹೊಂದುವ ಮಾತುಗಳೂ ನಡುವೆ ಬರುತ್ತವೆ.

ಅಂಗಡಿಯಲ್ಲಿ ನಾನು ಕೊಡುವ ದುಡ್ಡಿನಲ್ಲಿ ರೈತರ ಕೈಗೆ ಎಷ್ಟು ಸೇರುತ್ತದೆ?

ತರಕಾರಿಯಾದರೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು. ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಹೊರತಂದ ಲೆಕ್ಕದ ಪ್ರಕಾರ, ಗ್ರಾಹಕರು ಕೊಡುವ 100 ರೂಪಾಯಿಯಲ್ಲಿ ಟೊಮೆಟೊ ಬೆಳೆದವರಿಗೆ ಸುಮಾರು 33, ಈರುಳ್ಳಿಗೆ 36, ಆಲೂಗಡ್ಡೆಗೆ 37 ರೂಪಾಯಿ ಸಿಗುತ್ತದೆ. ಹಾಲಿನಲ್ಲಿ ಮಾತ್ರ ಈ ಪಾಲು 70ರ ಆಸುಪಾಸಿನಲ್ಲಿದೆ. ಈ 33ಕ್ಕೂ 70ಕ್ಕೂ ಇರುವ ಅಂತರ ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾದಂತೆ.

ಹಾಲು ಟೊಮೆಟೊಗಿಂತ ಬೇಗ ಕೆಡುತ್ತದೆ. ಆದರೂ ಹಾಲು ಹಾಕುವವರಿಗೆ ಹೆಚ್ಚಿನ ಪಾಲು ಸಿಗಲು ಕಾರಣ ಊರಿನ ಡೇರಿ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಅದು ತೆರೆದಿರುತ್ತದೆ. ನಾಲ್ಕು ಲೀಟರ್ ತಂದವರದ್ದನ್ನೂ ನಲವತ್ತು ಲೀಟರ್ ತಂದವರದ್ದನ್ನೂ ಅಳೆದು, ಫ್ಯಾಟ್ ನೋಡಿ, ದರ ಬರೆದುಕೊಳ್ಳುತ್ತಾರೆ. ಬಟವಾಡೆ ದಿನ ದುಡ್ಡು ಬರುತ್ತದೆ. ಸಂಘವೂ ಹಾಲು ಹಾಕುವವರದ್ದೇ. ನಾಳೆಯೂ ಕೊಳ್ಳುತ್ತಾರೆ ಎಂಬ ನೆಚ್ಚಿಕೆ ಅಲ್ಲಿದೆ.

ಟೊಮೆಟೊಗೆ ಆ ನೆಚ್ಚಿಕೆ ಇಲ್ಲ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಬಾಕ್ಸು ಹರಾಜಿಗೆ ಇಳಿಯುವಷ್ಟರಲ್ಲಿ ಬಿಡಿಸಿದವರ ಕೂಲಿ, ಗಾಡಿ ಬಾಡಿಗೆ, ಹಮಾಲಿ ಎಲ್ಲವೂ ರೈತರ ಕೈಯಿಂದ ಹೋಗಿರುತ್ತದೆ. ಕಮಿಷನ್ ಕೊಡಬೇಕಾದವರು ಕೊಳ್ಳುವವರು ಎಂದು ನಿಯಮ ಹೇಳಿದರೂ, ಅಧಿಕೃತ ಬಿಲ್ಲಲ್ಲದ ಬಿಳಿ ಚೀಟಿಯಲ್ಲಿ ಬೆಳೆದವರ ಹಣದಿಂದಲೇ ಮುರಿದುಕೊಳ್ಳುವ ರೂಢಿ ಇನ್ನೂ ಹೋಗಿಲ್ಲ. 2023ರ ಜುಲೈನಲ್ಲಿ ಅದೇ ಬಾಕ್ಸು 2,000 ರೂಪಾಯಿ ದಾಟಿತ್ತು, ಊರೆಲ್ಲ ಅದರದೇ ಮಾತು. ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿ ಸುರಿದ ವಾರಗಳು ಅದೇ ಹೊಲಗಳ ಪಾಲಿಗೆ ಅದಕ್ಕಿಂತ ಹೆಚ್ಚು.

ಆದ್ದರಿಂದ ರೈತರಿಗೆ ನಮ್ಮಿಂದ ಬೇಕಾದದ್ದು ವಾರ ತಪ್ಪದ ಖರೀದಿ. ಅನುಕಂಪದಿಂದ ಒಮ್ಮೆ ನಾಲ್ಕು ಚೀಲ ಕೊಂಡು ಮರೆತುಬಿಟ್ಟರೆ ಅವರಿಗೇನೂ ಆಗುವುದಿಲ್ಲ.

ಹಾಗಾದರೆ ದಲ್ಲಾಳಿಗಳನ್ನು ತೆಗೆದುಹಾಕಿದರೆ ಸಾಕಲ್ಲವೇ?

ಸಾಲದು. ಬಿತ್ತುವ ಮೊದಲು ಗೊಬ್ಬರಕ್ಕೆ, ಮನೆಯಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಗೆ, ಮದುವೆ ಬಂದರೆ ಛತ್ರಕ್ಕೆ ಕೈಸಾಲ ಕೊಡುವವರು ಅನೇಕ ಕಡೆ ಮಂಡಿಯವರೇ. ಆ ಸಾಲದ ಋಣಕ್ಕೆ ಮಾಲು ಅವರಿಗೇ ಹೋಗುತ್ತದೆ ಎನ್ನುವುದು ನಿಜ. ಆದರೆ ಹತ್ತು ಬಾಕ್ಸು ಬಂದರೂ ಸಾವಿರ ಬಾಕ್ಸು ಬಂದರೂ ಒಂದೇ ಬೆಳಿಗ್ಗೆ ಖಾಲಿ ಮಾಡಿ ಕೊಡುವವರೂ ಅವರೇ. ತೂಗುವುದು, ವಿಂಗಡಿಸುವುದು, ಸಾಗಿಸುವುದು, ಕೊಳೆತದ್ದರ ನಷ್ಟ ಹೊರುವುದು, ಇವನ್ನು ಯಾರಾದರೂ ಮಾಡಲೇಬೇಕು. ದಲ್ಲಾಳಿ ಬೇಡ ಅನ್ನುವವರು ಆ ಕೆಲಸದಲ್ಲಿ ಒಂದಿಷ್ಟನ್ನು ತಾವೇ ಹೊರಲು ತಯಾರಿರಬೇಕು.

ಸ್ಥಳೀಯ ಅಂದರೆ ಎಷ್ಟು ದೂರ?

ಬೆಳಿಗ್ಗೆ ಕೊಯ್ದದ್ದು ಸಂಜೆಗೆ ನಿಮ್ಮ ಅಡುಗೆಮನೆ ಸೇರುವಷ್ಟು ದೂರ ಎಂದು ಇಟ್ಟುಕೊಳ್ಳಿ. ಸೊಪ್ಪು, ತರಕಾರಿಗೆ ಆನೇಕಲ್, ಹೊಸಕೋಟೆ, ದೊಡ್ಡಬಳ್ಳಾಪುರ, ಮಾಗಡಿ, ಮಾಲೂರು. ಕಾಳು, ಬೇಳೆ, ಮೆಣಸಿನಕಾಯಿಗೆ ಈ ಅಳತೆ ಬೇಕಿಲ್ಲ. ಕಲಬುರಗಿಯ ತೊಗರಿ, ಬ್ಯಾಡಗಿ ಮೆಣಸಿನಕಾಯಿ ಎಷ್ಟು ದೂರದಿಂದ ಬಂದರೂ ಕೆಡುವುದಿಲ್ಲ, ಬೆಂಗಳೂರಿನ ಪಕ್ಕದಲ್ಲಿ ಅವು ಅಷ್ಟಾಗಿ ಬೆಳೆಯುವುದೂ ಇಲ್ಲ.

ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡಲಿ? ಹಾಪ್‌ಕಾಮ್ಸ್ ಲೆಕ್ಕಕ್ಕೆ ಬರುತ್ತದೆಯೇ?

ಖಂಡಿತ ಬರುತ್ತದೆ. ಹಾಪ್‌ಕಾಮ್ಸ್ ಹುಟ್ಟಿದ್ದು 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಅದರ ಹಿಂದೆ ಇದ್ದವರು ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರೀಗೌಡರು. ಬೆಳೆದವರೇ ಸದಸ್ಯರಾಗಿ, ನಗರದ ಬೀದಿ ಬೀದಿಯಲ್ಲಿ ತಮ್ಮದೇ ಮಳಿಗೆ ಇಟ್ಟುಕೊಳ್ಳುವ ಆಲೋಚನೆ ಆ ಕಾಲಕ್ಕೆ ಎಷ್ಟು ದೊಡ್ಡದಿತ್ತು ಎಂದು ಇವತ್ತಿಗೂ ನನಗೆ ಅಚ್ಚರಿ. ಆ ಹಸಿರು ಮಳಿಗೆ ನಿಮ್ಮ ರಸ್ತೆಯಲ್ಲಿ ಇದ್ದರೆ ಬಿಡಬೇಡಿ. ಸಂಜೆ ಹೋಗಿ ಬಾಡಿದ್ದನ್ನು ನೋಡಿ ಮೂಗು ಮುರಿಯುವ ಬದಲು, ಮಾಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಳಿಗೆಯವರನ್ನೇ ಕೇಳಿ ಆ ಹೊತ್ತಿಗೆ ಹೋಗಿ.

ಎರಡನೆಯದು ವಾರದ ಸಂತೆ. ಸಂತೆಯಲ್ಲಿ ಕೂತವರೆಲ್ಲ ಬೆಳೆದವರಲ್ಲ, ಮಾರುಕಟ್ಟೆಯಿಂದ ತಂದು ಮಾರುವವರೂ ಇರುತ್ತಾರೆ. ಗುರುತಿಸುವುದು ಸುಲಭ. ಗೋಣಿತಟ್ಟಿನ ಮೇಲೆ ಎರಡು ಮೂರೇ ಬಗೆ ಇದ್ದು, ಕಾಯಿಗಳು ಒಂದೇ ಗಾತ್ರದಲ್ಲಿ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಸ್ವಂತ ಬೆಳೆ. ಹದಿನೈದು ಬಗೆ ಜೋಡಿಸಿಟ್ಟಿದ್ದರೆ ಅದು ಕೊಂಡು ತಂದದ್ದು.

ಜಾತ್ರೆ, ಮೇಳಗಳನ್ನೂ ಮರೆಯಬೇಡಿ. ಕಡೇ ಕಾರ್ತಿಕ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಗೆ ಕಾಯಿ ತರುವವರಲ್ಲಿ ಬೆಳೆಗಾರರೂ ಇರುತ್ತಾರೆ. ನವೆಂಬರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ನಡೆಯುತ್ತದೆ. ದೇಸಿ ಬೀಜ ಉಳಿಸುವ ಕೆಲಸ ಮಾಡುತ್ತಾ ಬಂದಿರುವ ಸಹಜ ಸಮೃದ್ಧದಂಥ ಸಂಸ್ಥೆಗಳು ಬೀಜ ಮೇಳ, ಹಲಸು ಮೇಳ ನಡೆಸುತ್ತವೆ. ಮೇಳದಲ್ಲಿ ಕೊಂಡ ಎರಡು ಕೆಜಿಗಿಂತ ಅಲ್ಲಿ ಬರೆದುಕೊಂಡು ಬಂದ ಫೋನ್ ನಂಬರಿಗೇ ಹೆಚ್ಚು ಬೆಲೆ.

ನಾಲ್ಕಾರು ಮನೆಗಳು ಸೇರಿ ನೇರವಾಗಿ ತರಿಸುವುದು ಹೇಗೆ?

ನಾಲ್ಕಾರು ಸಾಲದು. ಟಾಟಾ ಏಸ್ ಬಾಡಿಗೆ ಹುಟ್ಟಬೇಕಾದರೆ ತರಕಾರಿಗೆ ಇಪ್ಪತ್ತೈದು ಮೂವತ್ತು ಮನೆಗಳಾದರೂ ಬೇಕು. ಒಂದೇ ಅಪಾರ್ಟ್‌ಮೆಂಟ್ ಆದರೆ ಬಹಳ ಅನುಕೂಲ.

ಒಬ್ಬರೇ ರೈತರನ್ನು ನೆಚ್ಚಿಕೊಳ್ಳುವ ಬದಲು ಅಕ್ಕಪಕ್ಕದ ಮೂರು ನಾಲ್ಕು ಕುಟುಂಬಗಳ ಜತೆ ಮಾತಾಡಿ. ಒಬ್ಬರ ಬೀನ್ಸ್ ಮುಗಿಯುವ ಹೊತ್ತಿಗೆ ಇನ್ನೊಬ್ಬರ ಹೀರೇಕಾಯಿ ಬರುವಂತೆ ಅವರವರೇ ಹೊಂದಿಸಿಕೊಳ್ಳುತ್ತಾರೆ. ರೈತ ಉತ್ಪಾದಕರ ಕಂಪನಿ ಹತ್ತಿರದಲ್ಲಿದ್ದರೆ ಇನ್ನೂ ಸುಲಭ, ಏಕೆಂದರೆ ಬಿಲ್ಲು, ತೂಕ, ಗಾಡಿ ಅವರೇ ನೋಡಿಕೊಳ್ಳುತ್ತಾರೆ. ರೈತರು ತಾವು ಬೆಳೆದ ತರಕಾರಿಯನ್ನು ಮನೆಬಳಕೆಗೆ ಕೊಳ್ಳುವವರಿಗೆ ಮಾರಲು ಕಾನೂನಿನ ತೊಡಕು ಇಲ್ಲ. ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವುದಾದರೆ ಮಾತ್ರ ಆಹಾರ ಸುರಕ್ಷತೆಯ ನೋಂದಣಿ ಬೇಕು.

ವಾಟ್ಸ್ಆ್ಯಪ್ ಗುಂಪಿನಲ್ಲಿ "ಯಾರಿಗೆ ಏನು ಬೇಕು" ಎಂದು ಕೇಳಿದರೆ ಎಲ್ಲರೂ ಕ್ಯಾರೆಟ್, ಬೀನ್ಸ್, ಟೊಮೆಟೊ ಬರೆಯುತ್ತಾರೆ. ಹೊಲದಲ್ಲಿ ಆ ವಾರ ಇರುವುದು ಮೂಲಂಗಿ, ಹಾಗಲ, ದಂಟಿನ ಸೊಪ್ಪು. ಇಲ್ಲಿಯೇ ಹೆಚ್ಚಿನ ಗುಂಪುಗಳು ಮುರಿದುಬೀಳುವುದು. ಅದರ ಬದಲು "ಈ ವಾರದ ಚೀಲ" ಎಂದು ಒಂದೇ ದರ ಇಟ್ಟು, ಬೆಳೆದದ್ದರಲ್ಲಿ ಆರೇಳು ಬಗೆ ತುಂಬಿ ಕೊಡಲು ಹೇಳಿ. ಬೇಡದ್ದನ್ನು ಗೇಟಿನ ಹತ್ತಿರ ಒಂದು ಬುಟ್ಟಿಯಲ್ಲಿ ಇಟ್ಟು, ಬೇಕಾದದ್ದನ್ನು ಅದರಿಂದ ಎತ್ತಿಕೊಳ್ಳುವ ಏರ್ಪಾಡು ಮಾಡಿದರೆ ಜಗಳವೇ ಇಲ್ಲ. ಹಾಗಲ ಬೇಡದ ಮನೆಯಷ್ಟೇ ಹಾಗಲಕ್ಕೆ ಕಾಯುವ ಮನೆಗಳೂ ಇರುತ್ತವೆ.

ಹಣವನ್ನು ಮಾಲು ಇಳಿದ ದಿನವೇ ಕೊಡಿ. ತಿಂಗಳ ಕೊನೆಗೆ ಲೆಕ್ಕ ಮಾಡೋಣ ಎಂದರೆ ನಾವೂ ಮಂಡಿಯವರ ಹಾಗೆಯೇ ಆದೆವು. ಆಗುವುದಾದರೆ ಮೂರು ತಿಂಗಳ ಹಣವನ್ನು ಬಿತ್ತನೆಗೆ ಮುಂಚೆಯೇ ಕೊಡಿ, ಕೈಸಾಲದ ಅಗತ್ಯ ಅಷ್ಟರ ಮಟ್ಟಿಗೆ ತಪ್ಪುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಗೃಹಿಣಿಯರ ಗುಂಪುಗಳು ರೈತರೊಂದಿಗೆ ಮಾಡಿಕೊಂಡ 'ತೇಕೇ' ಒಪ್ಪಂದಗಳೂ, 1980ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಪಾಲುದಾರಿಕೆ ತೋಟಗಳೂ ಬೆಳೆಯುವವರ ಜತೆ ತಿನ್ನುವವರೂ ನಷ್ಟ ಹಂಚಿಕೊಳ್ಳುವ ಏರ್ಪಾಡುಗಳೇ. ಆಲಿಕಲ್ಲು ಮಳೆ ಬಿದ್ದು ಒಂದು ವಾರ ಚೀಲ ಅರ್ಧವೇ ಬಂದರೆ ಮುನಿಸಿಕೊಳ್ಳದೆ ತೆಗೆದುಕೊಳ್ಳುವುದೂ ಅದರಲ್ಲಿ ಸೇರಿದೆ.

ಇನ್ನೊಂದು ಮಾತು. ತರಕಾರಿ ಇಳಿಸಿದ ಗಾಡಿ ಖಾಲಿ ಹೋಗುತ್ತದೆ. ನಿಮ್ಮ ಕಟ್ಟಡದಲ್ಲಿ ಅಡುಗೆಮನೆಯ ಹಸಿ ಕಸದಿಂದ ಗೊಬ್ಬರ ಮಾಡುತ್ತಿದ್ದರೆ ಅದನ್ನು ಅದೇ ಗಾಡಿಯಲ್ಲಿ ಹೊಲಕ್ಕೆ ಕಳಿಸಿ. ಪ್ಲಾಸ್ಟಿಕ್ ಚೂರು ಇದ್ದರೆ ಮಾತ್ರ ಬೇಡ, ಹೊಲಕ್ಕೆ ಬಿದ್ದ ಕವರು ಹೊಲದಲ್ಲೇ ಉಳಿದುಬಿಡುತ್ತದೆ.

ಚೌಕಾಸಿ ಮಾಡಬಹುದೇ?

ಬೆಳೆದವರ ಹತ್ತಿರ ಬೇಡ. ಕೊಸರು ಅವರಾಗಿಯೇ ಹಾಕುತ್ತಾರೆ.

ದರ ಹೇಗೆ ನಿಗದಿ ಮಾಡುವುದು?

ವಾರ ವಾರ ಮಂಡಿ ದರ ನೋಡಿ ಕೊಡುವುದರಲ್ಲಿ ಅರ್ಥವಿಲ್ಲ. ಹಾಗೆ ಮಾಡಿದರೆ ಏರಿಳಿತವೆಲ್ಲ ಮತ್ತೆ ರೈತರ ತಲೆಗೇ ಬರುತ್ತದೆ. ಕೂಲಿ, ಗೊಬ್ಬರ, ಗಾಡಿ ಲೆಕ್ಕ ಹಾಕಿ, ಅವರ ದುಡಿಮೆಗೂ ಏನಾದರೂ ಉಳಿಯುವಂತೆ ಇಡೀ ಹಂಗಾಮಿಗೆ ಒಂದು ದರ ಮಾತಾಡಿಕೊಳ್ಳಿ. ಟೊಮೆಟೊ ಕೆಜಿಗೆ ಐದು ರೂಪಾಯಿಗೆ ಬಿದ್ದಾಗ ನೀವು ಹೆಚ್ಚು ಕೊಡುತ್ತೀರಿ, ನೂರಕ್ಕೆ ಏರಿದಾಗ ಅವರು ಕಡಿಮೆಗೆ ಕೊಡುತ್ತಾರೆ. ಏರಿದಾಗ ಮಂಡಿಗೆ ಕೊಡುವ ಆಸೆ ಅವರಿಗೂ ಬರುತ್ತದೆ, ಬಿದ್ದಾಗ ಸೂಪರ್ ಮಾರ್ಕೆಟ್ಟಿಗೆ ಹೋಗುವ ಆಸೆ ನಮಗೂ ಬರುತ್ತದೆ. ಎರಡೂ ಕಡೆಯವರು ಒಮ್ಮೊಮ್ಮೆ ತಡೆದುಕೊಂಡರೆ ಸಂಬಂಧ ನಿಲ್ಲುತ್ತದೆ.

ಸಾವಯವ ಎಂದು ಹೇಳುತ್ತಾರೆ. ನಂಬುವುದು ಹೇಗೆ?

ಪೊಟ್ಟಣದಲ್ಲಿ ಬರುವುದಾದರೆ 'ಜೈವಿಕ್ ಭಾರತ್' ಗುರುತು ನೋಡಿ. ಅದರ ಹಿಂದೆ ಎರಡು ದಾರಿ ಇವೆ. ಒಂದು, ಪ್ರಮಾಣೀಕರಣ ಸಂಸ್ಥೆಯವರು ಬಂದು ತಪಾಸಣೆ ಮಾಡುವುದು. ಇದಕ್ಕೆ ಖರ್ಚು ಹೆಚ್ಚು. ಇನ್ನೊಂದು ಪಿಜಿಎಸ್. ಒಂದೇ ಊರಿನ ಅಥವಾ ಅಕ್ಕಪಕ್ಕದ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತರಿ ಕೊಡುವ ಪದ್ಧತಿ ಇದು. ಪಕ್ಕದ ಹೊಲದವರಿಗೆ ಗೊತ್ತಾಗದಂತೆ ಔಷಧಿ ಹೊಡೆಯುವುದು ಕಷ್ಟ, ಅದಕ್ಕೇ ನನಗೆ ಪಿಜಿಎಸ್ ಮೇಲೆ ನಂಬಿಕೆ ಜಾಸ್ತಿ. 'ಪಿಜಿಎಸ್ ಗ್ರೀನ್' ಎಂದಿದ್ದರೆ ಹೊಲ ಇನ್ನೂ ಬದಲಾವಣೆಯ ಹಾದಿಯಲ್ಲಿದೆ ಎಂದು ತಿಳಿಯಿರಿ.

ನಿಮಗೆ ನೇರವಾಗಿ ಮಾರುವ ಸಣ್ಣ ರೈತರ ಹತ್ತಿರ ಯಾವ ಕಾಗದವೂ ಇಲ್ಲದಿರಬಹುದು. ಆಗ ಹೊಲಕ್ಕೆ ಹೋಗಿ. ದನ ಇವೆಯೇ, ಗೊಬ್ಬರದ ಗುಂಡಿ ಇದೆಯೇ, ಬದುವಿನಲ್ಲಿ ಅವರೆ, ಅಲಸಂದೆ, ಹುಚ್ಚೆಳ್ಳು ಇದೆಯೇ ನೋಡಿ. "ಹುಳ ಬಿದ್ದರೆ ಏನು ಮಾಡ್ತೀರಿ?" ಎಂದು ಕೇಳಿ. ನಿಜವಾಗಿ ಮಾಡುತ್ತಿರುವವರು ಬೇವಿನ ಬೀಜದ ಕಷಾಯ, ಹುಳಿ ಮಜ್ಜಿಗೆ, ಬಲೆಗಳ ವಿಚಾರ ಶುರು ಮಾಡಿ ಅರ್ಧ ಗಂಟೆ ನಿಲ್ಲಿಸುವುದಿಲ್ಲ.

ಒಮ್ಮೆ ಯೂರಿಯಾ ಹಾಕಿದೆ ಎಂದು ಒಪ್ಪಿಕೊಂಡ ರೈತರನ್ನು ದಯವಿಟ್ಟು ಬಿಟ್ಟುಬಿಡಬೇಡಿ. ನಿಜ ಹೇಳುವವರ ಹತ್ತಿರ ಕೊಳ್ಳುತ್ತಾ ಕೊಳ್ಳುತ್ತಾ ಕಡಿಮೆ ಮಾಡಿಸಬಹುದು.

ರಾಗಿಯನ್ನು ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಳ್ಳಬಹುದೇ?

ನೇರ ಖರೀದಿಗೆ ರಾಗಿಯಷ್ಟು ಹೇಳಿಮಾಡಿಸಿದ ಪದಾರ್ಥ ಇನ್ನೊಂದಿಲ್ಲ. ಮೇಲೆ ಹೊಟ್ಟಿಲ್ಲ, ಮಿಲ್ಲಿನಲ್ಲಿ ಪಾಲಿಶ್ ಮಾಡಿಸುವ ಗೋಜಿಲ್ಲ, ಹುಳ ಹಿಡಿಯುವುದು ಅಪರೂಪ. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದ ಕಾಳು ಇದು. ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲು, ಒಕ್ಕಣೆ ಮುಗಿದು ಸಂಕ್ರಾಂತಿ ಹೊತ್ತಿಗೆ ರಾಶಿ ಸಿಗುತ್ತದೆ.

ನೋಡಬೇಕಾದದ್ದು ಕಲ್ಲು, ಮಣ್ಣು. ಕಣಗಳು ಇಲ್ಲವಾಗಿ ಅನೇಕ ಕಡೆ ಟಾರು ರಸ್ತೆಯ ಮೇಲೆಯೇ ತೆನೆ ಹರಡಿ ಓಡಾಡುವ ಗಾಡಿಗಳಿಂದ ತುಳಿಸುತ್ತಾರೆ. ಚೀಲದ ಬಾಯಲ್ಲಿ ಇರುವುದನ್ನು ನೋಡಿ ಸುಮ್ಮನಾಗಬೇಡಿ, ಕೈಯನ್ನು ಮೊಣಕೈವರೆಗೆ ಇಳಿಸಿ ತಳದಿಂದ ಒಂದು ಹಿಡಿ ತೆಗೆಯಿರಿ. ಬೋಗುಣಿಯಲ್ಲಿ ನೀರು ಹಾಕಿ ಜಾಲಿಸಿ. ಕಾಳು ನೀರಿನ ಜತೆ ಜರುಗಿ ಮರಳು ತಳದಲ್ಲಿ ಉಳಿಯುತ್ತದೆ. ಎರಡು ಕಾಳು ಹಲ್ಲಿಗೆ ಇಟ್ಟು ಕಡಿಯಿರಿ. ಕಟಕ್ಕೆಂದರೆ ಒಣಗಿದೆ, ಮೆತ್ತಗಿದ್ದರೆ ಇನ್ನೆರಡು ಬಿಸಿಲು ಬೇಕು. ಮನೆಗೆ ತಂದ ಮೇಲೆ ಹತ್ತು ಕೆಜಿಯಂತೆ ತೊಳೆದು ಒಣಗಿಸಿ ಹಿಟ್ಟು ಮಾಡಿಸಿಕೊಳ್ಳಿ, ಎಲ್ಲವನ್ನೂ ಒಮ್ಮೆಲೇ ಬೀಸಿಸಬೇಡಿ.

ದರದ ವಿಷಯ: 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕೆಜಿಗೆ 49ರ ಹತ್ತಿರ. ಅದಕ್ಕಿಂತ ಕಡಿಮೆ ಕೊಟ್ಟು ರೈತರಿಗೆ ಬೆಂಬಲ ಕೊಟ್ಟೆವು ಎಂದುಕೊಳ್ಳುವಂತಿಲ್ಲ.

ಸಿರಿಧಾನ್ಯವನ್ನೂ ಹೀಗೇ ಸಂಗ್ರಹಿಸಬಹುದೇ?

ಬೇಡ. ಸಾಮೆ, ನವಣೆ, ಊದಲು, ಹಾರಕ, ಬರಗು, ಕೊರಲೆಗೆ ಹೊಟ್ಟು ಇದೆ. ಹೊಟ್ಟು ತೆಗೆಸಿದ ಅಕ್ಕಿಯಲ್ಲಿ ತೌಡಿನ ಎಣ್ಣೆ ಅಂಶ ಇರುವುದರಿಂದ ಬೇಗ ಮುಗ್ಗಲು ವಾಸನೆ ಬರುತ್ತದೆ. ತಿಂಗಳಿಗೆ ಆಗುವಷ್ಟು ತನ್ನಿ. ಬೆಳ್ಳಗೆ ಹೊಳೆಯುವುದು ಪಾಲಿಶ್ ಆದದ್ದು, ಮಸುಕು ಬಣ್ಣದ್ದನ್ನು ಕೇಳಿ ತೆಗೆದುಕೊಳ್ಳಿ.

ಯಾವ ಕಾಲದಲ್ಲಿ ಏನು ಕೊಳ್ಳಬೇಕು?

ಸೊಗಡಿನ ಅವರೆ ಡಿಸೆಂಬರ್, ಜನವರಿಯಲ್ಲಿ. ಈಗ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳೂ ಇವೆ, ಆದರೆ ಇಬ್ಬನಿಗೆ ಬಿಟ್ಟ ಕಾಯಿಯ ಸೊಗಡು ಅದಕ್ಕೆ ಬರುವುದಿಲ್ಲ ಎಂದೇ ನನ್ನ ನಂಬಿಕೆ. ಮಾವು ಮೊದಲು ರಾಮನಗರ ಕಡೆಯಿಂದ, ಆಮೇಲೆ ಶ್ರೀನಿವಾಸಪುರದಿಂದ. ಹಲಸು ಏಪ್ರಿಲ್‌ನಿಂದ ಮಳೆಗಾಲ ಹಿಡಿಯುವವರೆಗೆ. ಹೊಸ ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ ಸಂಕ್ರಾಂತಿಯಿಂದ ಯುಗಾದಿ ಒಳಗೆ ಕೊಂಡು ಬಿಸಿಲಿಗೆ ಹಾಕಿಟ್ಟುಕೊಳ್ಳಿ. ಸೊಪ್ಪಿಗೆ ಕಾಲವಿಲ್ಲ.

ನಾಟಿ ತಳಿಗಳಿಗೆ ಯಾಕೆ ಹೆಚ್ಚು ಕೊಡಬೇಕು?

ಇಳುವರಿ ಕಡಿಮೆ ಇರುವುದರಿಂದ. ಕೊಳ್ಳುವವರು ಇಲ್ಲದಿದ್ದರೆ ಬಿತ್ತುವವರೂ ಇರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಬಗೆಯ ಭತ್ತವನ್ನು ಪ್ರತಿ ವರ್ಷ ಬಿತ್ತಿ ಉಳಿಸಿಕೊಂಡು ಬರುತ್ತಿದ್ದಾರೆ. ಬಿತ್ತದೆ ಬಾಟಲಿಯಲ್ಲಿ ಇಟ್ಟ ಬೀಜ ಕೆಲವೇ ವರ್ಷಗಳಲ್ಲಿ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಅವರಂಥವರ ಕೆಲಸ ನಿಲ್ಲಬಾರದು ಎಂದಿದ್ದರೆ ತಿಂಗಳಿಗೆ ಐದು ಕೆಜಿ ರಾಜಮುಡಿಯನ್ನೋ ರತ್ನಚೂಡಿಯನ್ನೋ ಅಡುಗೆಮನೆಗೆ ತನ್ನಿ. ಹಾಗೆಂದು ಸಂಶೋಧನೆಯ ತಳಿಗಳನ್ನು ಹೀಗಳೆಯುವುದು ಸರಿಯಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ 'ರಾಗಿ' ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದರಿಂದ ಎಷ್ಟೋ ಮನೆಗಳ ಮುದ್ದೆ ಉಳಿಯಿತು.

ಇದೆಲ್ಲ ಉಳ್ಳವರ ಹವ್ಯಾಸ ಅಲ್ಲವೇ?

ಈ ಪ್ರಶ್ನೆಯಲ್ಲಿ ನ್ಯಾಯವಿದೆ. ದಿನಗೂಲಿಯಲ್ಲಿ ಬದುಕುವವರಿಗೆ ಮೂರು ತಿಂಗಳ ಮುಂಗಡ ಕೊಡಿ ಎನ್ನಲಾಗದು. ಎಲ್ಲರಿಗೂ ಒಳ್ಳೆಯ ಊಟ ಮುಟ್ಟಬೇಕಾದರೆ ಪಡಿತರ ಅಂಗಡಿ, ಅಂಗನವಾಡಿ, ಶಾಲೆಯ ಬಿಸಿಯೂಟ ಇವುಗಳ ಮೂಲಕವೇ ಆಗಬೇಕು. ದಕ್ಷಿಣದ ಜಿಲ್ಲೆಗಳ ಪಡಿತರಕ್ಕೆ ಇಲ್ಲಿಯ ರಾಗಿ, ಉತ್ತರದವರಿಗೆ ಜೋಳ ಸೇರಿದ್ದು ಈ ದೃಷ್ಟಿಯಿಂದ ಬಹಳ ದೊಡ್ಡ ಹೆಜ್ಜೆ. ಬೆಂಬಲ ಬೆಲೆಗೆ ಕೊಂಡ ಕಾಳು ಅದೇ ಸೀಮೆಯ ಬಡವರ ತಟ್ಟೆಗೆ ಬರುತ್ತದೆ. ನಿಮ್ಮ ಊರಿನ ಖರೀದಿ ಕೇಂದ್ರ ಸಮಯಕ್ಕೆ ತೆರೆಯಿತೇ, ರೈತರಿಗೆ ಹಣ ಬಂತೇ ಎಂದು ಗ್ರಾಮಸಭೆಯಲ್ಲಿ ಕೇಳುವುದೂ ಸ್ಥಳೀಯ ಕೃಷಿಗೆ ಬೆಂಬಲವೇ.

ನಾವು ಬೆಂಗಳೂರಿನವರಲ್ಲ. ನಮ್ಮಲ್ಲಿ ಏನಿದೆ?

ಬಹುಶಃ ನಮಗಿಂತ ಹೆಚ್ಚು ಇದೆ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ. ಕರಾವಳಿಯ ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿದ ಕ್ಯಾಂಪ್ಕೊ ಮುಂದೆ ಪುತ್ತೂರಿನಲ್ಲಿ ಸ್ವಂತ ಚಾಕಲೇಟ್ ಕಾರ್ಖಾನೆಯನ್ನೇ ಹಾಕಿತು. ಉಡುಪಿಯವರಿಗೆ ಕಟಪಾಡಿ ಹತ್ತಿರದ ಮಟ್ಟು ಊರಿನ ಗುಳ್ಳ ಬದನೆ ಇದೆ. ಜೋಯಿಡಾದ ಕುಣಬಿ ಕುಟುಂಬಗಳು ಬೆಳೆಯುವ ಗೆಡ್ಡೆ ಗೆಣಸುಗಳ ಮೇಳಕ್ಕೆ ಕಾರವಾರ, ಹುಬ್ಬಳ್ಳಿ, ಧಾರವಾಡದವರು ಒಮ್ಮೆಯಾದರೂ ಹೋಗಿಬನ್ನಿ, ಅಲ್ಲಿ ಕಾಣುವಷ್ಟು ಬಗೆಯ ಗೆಡ್ಡೆಗಳು ಯಾವ ಮಾರುಕಟ್ಟೆಯಲ್ಲೂ ಸಿಗುವುದಿಲ್ಲ.

ಜಮೀನೆಲ್ಲ ಸೈಟುಗಳಾಗುತ್ತಿರುವಾಗ ಕೊಳ್ಳುವುದರಿಂದ ಏನಾದೀತು?

ಕೊಳ್ಳುವುದರಿಂದ ಮಾತ್ರ ಆಗದು. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಮಾತ್ರ ಆ ಮರಗಳಿದ್ದ ನೆಲದ ಬೆಲೆಯೇ ಬೇರೆಯಾಯಿತು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಡುವಂತೆ 2025ರ ಜುಲೈನಲ್ಲಿ ಮಾಡಿದರು. ರಾಗಿ, ದ್ರಾಕ್ಷಿ, ತರಕಾರಿ, ಹೂವು ಬೆಳೆಯುವ ನೆಲ ಅದು. ಆ ಹೋರಾಟ ನಡೆಯುತ್ತಿದ್ದಾಗ ಅವರ ತರಕಾರಿ ತಿನ್ನುವ ನಗರದವರಲ್ಲಿ ಎಷ್ಟು ಜನರಿಗೆ ಅದರ ಸುದ್ದಿ ಗೊತ್ತಿತ್ತು ಎಂಬುದು ನನ್ನನ್ನು ಕಾಡುತ್ತದೆ. ಬೆಳೆಯುವವರ ಹೆಸರು, ಊರು ಗೊತ್ತಿದ್ದರೆ ಅಂಥ ಸುದ್ದಿ ತಾನಾಗಿಯೇ ಮನೆಗೆ ಬರುತ್ತದೆ, ಅವರ ಜತೆ ನಿಲ್ಲುವವರೂ ಹೆಚ್ಚುತ್ತಾರೆ.

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಆಗುವುದಿಲ್ಲ. ಮೊದಲು ಏನು ಮಾಡಲಿ?

ಒಂದೇ ಪದಾರ್ಥ ಹಿಡಿಯಿರಿ. ನನ್ನನ್ನು ಕೇಳಿದರೆ ರಾಗಿ. ಮುದ್ದೆ ಉಣ್ಣದ ಮನೆಯಾದರೆ ಕಡಲೆಕಾಯಿ, ಇಲ್ಲವೇ ಬೆಲ್ಲ. ನಿಮ್ಮ ಮನೆಗೆ ವರ್ಷಕ್ಕೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ, ಇನ್ನು ನಾಲ್ಕು ಮನೆಯವರನ್ನು ಕೇಳಿ ಒಂದು ಅಂಕಿ ಬರೆದುಕೊಳ್ಳಿ. ಆ ಅಂಕಿ ಹಿಡಿದು ಜೂನ್, ಜುಲೈನಲ್ಲಿ ಬಿತ್ತನೆಗೆ ಮುಂಚೆ ರೈತರ ಹತ್ತಿರ ಹೋಗಿ. ಕೊಯ್ಲಾದ ಮೇಲೆ ಹೋದರೆ ನೀವು ಇನ್ನೊಬ್ಬ ಗಿರಾಕಿ ಅಷ್ಟೇ. ಬಿತ್ತನೆಗೆ ಮುಂಚೆ "ಇಷ್ಟು ಕ್ವಿಂಟಲ್ ನಮಗೆ" ಎಂದು ಹೇಳಿ ಸ್ವಲ್ಪ ಮುಂಗಡ ಕೊಟ್ಟರೆ, ಅಷ್ಟು ಗುಂಟೆ ನಿಮ್ಮ ಲೆಕ್ಕದಲ್ಲಿ ಬೀಜ ಕಾಣುತ್ತದೆ.